ತೋಟದ ದಾರಿ ಜಗಳಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿ: ನಮ್ಮ ಅನುಭವ

ಪಕ್ಕದವರ ಜಮೀನಿನ ಮೇಲೆ ಹಾದು ನಮ್ಮ ತೋಟಕ್ಕೆ ಹೋಗುವ ದಾರಿಗೆ ಬೇಲಿ ಬಿತ್ತು. ಕೇಸು ಹಾಕದೆ ಎಂಟು ತಿಂಗಳಲ್ಲಿ ಬಗೆಹರಿಯಿತು. ಬಗೆಹರಿಸಿದ್ದು ನಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಯ ರಾಜಿ ಸೇವೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ. ಈ ಸೇವೆ ಇದೆ ಅಂತಲೇ ನಮ್ಮ ಕಡೆ ಎಷ್ಟೋ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಮ್ಮದು ತುಮಕೂರು ಕಡೆ, ತೆಂಗಿನ ಸೀಮೆ. ಅಪ್ಪ 1994ರಲ್ಲಿ 2 ಎಕರೆ 10 ಗುಂಟೆ ತೋಟ ಕೊಂಡರು. ಊರಿನ ಬಂಡಿದಾರಿ ಕೆರೆ ಏರಿ ಹತ್ತಿರ ನಿಂತುಬಿಡುತ್ತದೆ. ಅಲ್ಲಿಂದ ನಮ್ಮ ತೋಟಕ್ಕೆ ಇನ್ನೂ 330 ಅಡಿ. ಆ 330 ಅಡಿ ಪೂರ್ತಿ ಪಕ್ಕದವರ ಜಮೀನು. ಆ ಮನೆಯ ಅಮ್ಮನವರಿಗೆ ಈಗ ಎಪ್ಪತ್ತು ದಾಟಿದೆ, ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತು. ಅಪ್ಪ ಇರುವವರೆಗೂ ಪ್ರತಿ ಯುಗಾದಿಗೆ ಬೇವು ಬೆಲ್ಲ ಹಿಡಿದುಕೊಂಡು, ಒಂದು ಚೀಲದಲ್ಲಿ ಐವತ್ತು ಕಾಯಿ ಹಾಕಿಕೊಂಡು ಅವರ ಮನೆಗೆ ಹೋಗುತ್ತಿದ್ದರು. "ಈ ವರ್ಷವೂ ಗಾಡಿ ಹೊಡ್ಕೊಳ್ತೀವಮ್ಮ" ಅನ್ನೋರು. "ಹೊಡ್ಕೊಳ್ಳಪ್ಪ, ಯಾರ್ ಬ್ಯಾಡ ಅಂದ್ರು" ಅಂತ ಅವರು ಅನ್ನೋರು. ಮೂವತ್ತು ವರ್ಷ ಇಷ್ಟರಲ್ಲೇ ನಡೆದುಹೋಯಿತು.

ಅಪ್ಪ ಹೋದ ಮೇಲೆ ನಾನು ಯುಗಾದಿಗೆ ಹೋಗಲಿಲ್ಲ. ಎರಡು ವರ್ಷ ಹೋಗಲಿಲ್ಲ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ, ಯಾಕೆಂದರೆ ಮುಂದಿನದಕ್ಕೆಲ್ಲ ಅದೇ ಮೊದಲು. 2024ರ ಸಂಕ್ರಾಂತಿ ಕಳೆದು ಒಂದು ವಾರಕ್ಕೆ, ಬೆಂಗಳೂರಲ್ಲಿರುವ ಅವರ ಮಗ ಬಂದು ಡ್ರಿಪ್ ಹಾಕಿಸಲು ಸುತ್ತಲೂ ಕಲ್ಲುಕಂಬ ನೆಟ್ಟು ಚೈನ್‌ಲಿಂಕ್ ಬೇಲಿ ಹಾಕಿಸಿದರು. ಟ್ರ್ಯಾಕ್ಟರ್ ಒಳಗೆ ಹೋಗುವ ಹಾಗಿಲ್ಲ. ಆ ಸಲ ಕಿತ್ತ ಕಾಯಿಯನ್ನು ಕೆರೆ ಏರಿವರೆಗೂ ಮಂಕರಿಯಲ್ಲಿ ತಲೆ ಮೇಲೆ ಹೊರಿಸಿದೆ. ಹೊರುವವರಿಗೆ ಕೊಟ್ಟ ಕೂಲಿ ಕಳೆದರೆ ಕಾಯಿ ಮಾರಿದ ದುಡ್ಡಲ್ಲಿ ಉಳಿದದ್ದು ಬಹಳ ಕಡಿಮೆ.

ಮೊದಲು ಹೋದದ್ದು ಒಬ್ಬ ವಕೀಲರ ಹತ್ತಿರ. ಅವರು ನನ್ನ ಮಾತು ಪೂರ್ತಿ ಕೇಳುವುದಕ್ಕೂ ಮುಂಚೆ "ಇಪ್ಪತ್ತು ವರ್ಷ ಆಗಿದೆಯಾ?" ಅಂದರು. ಮೂವತ್ತಾಗಿದೆ ಅಂದೆ. "ಹಾಗಾದ್ರೆ ನಿಮ್ಮದೇ ದಾರಿ, ನಾಳೆನೇ ಇಂಜಂಕ್ಷನ್ ಹಾಕೋಣ" ಅಂದರು, ತಡೆಯಾಜ್ಞೆಗೆ. 1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಬೇರೆಯವರ ಜಮೀನನ್ನು ದಾರಿ ಮುಂತಾದಕ್ಕೆ ಬಳಸುವ ಹಕ್ಕಿನ ಕಾಯ್ದೆ, ಅದರ 15ನೇ ಕಲಂ ಅವರು ಹಿಡಿದದ್ದು. ಬೇರೆಯವರ ಜಮೀನಿನ ದಾರಿಯನ್ನು ಬಹಿರಂಗವಾಗಿ, ತಂಟೆ ತಕರಾರಿಲ್ಲದೆ, ಹಕ್ಕು ಅಂತಲೇ 20 ವರ್ಷ ಸತತವಾಗಿ ಬಳಸಿದ್ದರೆ ಅದು ಹಕ್ಕಾಗುತ್ತದೆ. ಸರ್ಕಾರಿ ಜಮೀನಾದರೆ 30 ವರ್ಷ. ಕೇಳಲು ಸಲೀಸಾಗಿದೆ. ಆದರೆ ಅದರಲ್ಲಿ "ಹಕ್ಕು ಅಂತಲೇ" ಅನ್ನುವುದು ಒಂದಿದೆಯಲ್ಲ, ನಮಗೆ ಅಲ್ಲೇ ತೊಡಕು. ನಮ್ಮಪ್ಪ ಪ್ರತಿ ವರ್ಷ ಕೇಳಿಕೊಂಡು ಓಡಾಡಿದ್ದಾರೆ. ಕೇಳಿಕೊಂಡು ಓಡಾಡಿದ್ದಕ್ಕೆ ಅದೇ ಕಾಯ್ದೆಯಲ್ಲಿ ಬೇರೆ ಹೆಸರಿದೆ, ಲೈಸೆನ್ಸ್ ಅಂತಾರೆ, 52ನೇ ಕಲಂ. ಅಂದರೆ ಬರೀ ಅನುಮತಿ. ಕೊಟ್ಟವರು ಸಾಮಾನ್ಯವಾಗಿ ಯಾವಾಗ ಬೇಕಾದರೂ ವಾಪಸ್ ತಗೋಬಹುದು. ಅದು ನೂರು ವರ್ಷ ಆದರೂ ಹಕ್ಕಾಗುವುದಿಲ್ಲ.

ಇದನ್ನು ವಕೀಲರಿಗೆ ಹೇಳಿದೆ. "ಯುಗಾದಿ ವಿಷಯ ಕೋರ್ಟಲ್ಲಿ ಯಾರು ಕೇಳ್ತಾರೆ, ನೀವು ಹೇಳ್ಬೇಡಿ ಅಷ್ಟೇ" ಅಂದರು. ಕಟಕಟೆಯಲ್ಲಿ ನಿಂತು, ಆ ಅಮ್ಮನ ಎದುರಿಗೆ, ನಮ್ಮಪ್ಪ ಯಾವತ್ತೂ ನಿಮ್ಮನ್ನು ಕೇಳಿರಲಿಲ್ಲ ಅಂತ ನಾನು ಹೇಳಬೇಕು. ನನ್ನ ಕೈಲಾಗಲಿಲ್ಲ. ಅಡ್ವಾನ್ಸ್ 5,000 ರೂಪಾಯಿ ಹೋಯಿತು, ಹೋಗಲಿ. ಕೇಸು ಮುಗಿಯಲು ಎಷ್ಟು ವರ್ಷ ಆಗಬಹುದು ಸಾರ್ ಅಂತ ಕೇಳಿದ್ದಕ್ಕೆ ಅವರು ಸುಮ್ನೆ ಕೈ ಮೇಲೆ ಮಾಡಿ ತೋರಿಸಿದ್ದರು.

ಇನ್ನೊಂದು ಕಲಂ ಬಗ್ಗೆಯೂ ಜನಕ್ಕೆ ತಪ್ಪು ತಿಳಿವಳಿಕೆ ಇದೆ. "ದಾರಿಯೇ ಇಲ್ಲ ಅಂದ್ರೆ ಪಕ್ಕದವರು ಬಿಡಲೇಬೇಕು, ಕಾನೂನೇ ಇದೆ" ಅಂತ ಹರಟೆ ಕಟ್ಟೆಯಲ್ಲಿ ಎಲ್ಲರೂ ಹೇಳುತ್ತಾರೆ. ಇದೆ, 13ನೇ ಕಲಂ, ಅನಿವಾರ್ಯದ ದಾರಿ. ಆದರೆ ಅದು ಎಲ್ಲರಿಗೂ ಅಲ್ಲ. ಮೊದಲು ಒಬ್ಬರ ಕೈಯಲ್ಲೇ ಇದ್ದ ಜಮೀನು, ಅಣ್ಣ ತಮ್ಮಂದಿರ ಭಾಗದಲ್ಲೋ ಮಾರಾಟದಲ್ಲೋ ಎರಡಾಗಿ, ಒಂದು ತುಂಡಿಗೆ ಬೇರೆ ದಾರಿಯೇ ಇಲ್ಲದಾದರೆ ಆಗ ಆ ಹಕ್ಕು ಹುಟ್ಟುತ್ತದೆ. ನಿಮ್ಮದು ಭಾಗದ ಜಮೀನಾದರೆ ಹಳೇ ವಿಭಾಗ ಪತ್ರ ಹುಡುಕಿ, ನಿಮ್ಮ ಕೈ ಬಲವಾಗಿರಬಹುದು. ನಮ್ಮ ತೋಟಕ್ಕೂ ಅಮ್ಮನವರ ಜಮೀನಿಗೂ ಯಾವ ಕಾಲದಲ್ಲೂ ಒಬ್ಬ ಯಜಮಾನ ಇರಲಿಲ್ಲ. ನಮ್ಮ ಕ್ರಯಪತ್ರದಲ್ಲಿ "ದಾರಿ ಹಕ್ಕು ಸಹಿತ" ಅಂತ ಒಂದು ಮಾತಿದೆ, ಅದನ್ನೂ ಹಿಡಿದುಕೊಂಡು ಕುಣಿದಾಡಿದೆ. ಆದರೆ ಮಾರಿದವನು ತನ್ನದಲ್ಲದ ಜಮೀನಿನ ಮೇಲಿನ ಹಕ್ಕನ್ನು ನಮಗೆ ಹೇಗೆ ಬರೆದುಕೊಡುತ್ತಾನೆ, ಅಲ್ವಾ?

ದುಡ್ಡು ಕೊಟ್ಟು ಬಲವಂತವಾಗಿ ದಾರಿ ತಗೊಳ್ಳಿ ಅನ್ನುವ ಕಲಮೂ ಆ ಕಾಯ್ದೆಯಲ್ಲಿ ಇಲ್ಲ. ಮಹಾರಾಷ್ಟ್ರದಲ್ಲಿ ಅವರ ಭೂಕಂದಾಯ ಸಂಹಿತೆಯ 143ನೇ ಕಲಂ ಪ್ರಕಾರ ಬದುವಿನ ಮೇಲೆ ದಾರಿ ಕೊಡುವ ವಿಚಾರ ತಹಶೀಲ್ದಾರರು ತೀರ್ಮಾನ ಮಾಡುತ್ತಾರೆ. ಆ ವಿಡಿಯೋಗಳನ್ನು ನೋಡಿಕೊಂಡು ನಮ್ಮ ತಾಲ್ಲೂಕು ಕಚೇರಿಗೆ ಹೋದವರಿದ್ದಾರೆ. ಅದು ಅವರ ರಾಜ್ಯದ ಕಾನೂನು, ಇಲ್ಲಿ ನಡೆಯುವುದಿಲ್ಲ.

ನೀವು ಯಾರ ಹತ್ತಿರ ಹೋಗುವುದಕ್ಕೂ ಮುಂಚೆ ಗ್ರಾಮ ನಕ್ಷೆ ನೋಡಿ. ಕಂದಾಯ ಇಲಾಖೆಯ ಭೂದಾಖಲೆ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಜೋಡಿ ಗೆರೆ ತುಂಡು ತುಂಡಾಗಿ ಹೋಗಿದ್ದರೆ ಬಂಡಿದಾರಿ, ಒಂಟಿ ಗೆರೆ ತುಂಡು ತುಂಡಾಗಿದ್ದರೆ ಕಾಲುದಾರಿ. ನಕಾಶೆಯಲ್ಲಿ ದಾರಿ ಇದ್ದರೆ ಅದನ್ನು ಯಾರೂ ಮುಚ್ಚುವ ಹಾಗಿಲ್ಲ, ಯಾರಿಗೂ ಪರಿಹಾರ ಕೊಡಬೇಕಾಗಿಯೂ ಇಲ್ಲ, ತಹಶೀಲ್ದಾರರಿಗೆ ಅರ್ಜಿ ಕೊಟ್ಟರೆ ತೆರವು ಮಾಡಿಸಬೇಕು. ನಾನು ನಿಂತ ಜಾಗವನ್ನು ನಕ್ಷೆ ಮೇಲೆ ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪ್ ಹಿಡಿದುಕೊಂಡು ಕೆರೆ ಏರಿ ಮೇಲೆ ನಿಂತು ನೋಡಿದೆ. ಬಂಡಿದಾರಿ ನನ್ನ ಕಾಲ ಕೆಳಗೇ ಮುಗಿದಿತ್ತು.

ಕಾನೂನು ಸೇವಾ ಸಮಿತಿ ಬಗ್ಗೆ ಹೇಳಿದ್ದು ನಮ್ಮೂರ ಹೈಸ್ಕೂಲ್ ಮೇಷ್ಟ್ರು. ತಾಲ್ಲೂಕು ಕೋರ್ಟ್ ಆವರಣದಲ್ಲೇ ಒಂದು ಕೋಣೆ. ಕೇಸು ಹಾಕುವ ಮುಂಚೆಯೇ ಅಲ್ಲಿ ಅರ್ಜಿ ಕೊಡಬಹುದು. ಕೋರ್ಟ್ ಶುಲ್ಕ ಇಲ್ಲ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ, ಜೊತೆಗೆ ಪಹಣಿ, ಕ್ರಯಪತ್ರದ ಜೆರಾಕ್ಸು, ಗ್ರಾಮ ನಕ್ಷೆ. ಎದುರು ಪಾರ್ಟಿಗೆ ನೋಟಿಸ್ ಕಳಿಸುತ್ತೇವೆ, ಬರಲೇಬೇಕು ಅಂತ ಬಲವಂತ ಮಾಡಲಾಗುವುದಿಲ್ಲ, ಇಬ್ಬರೂ ಒಪ್ಪಿದರೆ ಮಾತ್ರ ರಾಜಿ ಅಂತ ಅಲ್ಲಿದ್ದವರು ಮೊದಲೇ ಬಿಡಿಸಿ ಹೇಳಿದರು. ಯಾರಿಗಾದರೂ ಎಲ್ಲಿ ವಿಚಾರಿಸಬೇಕು ಅಂತ ಗೊತ್ತಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಕಾನೂನು ನೆರವಿನ ಸಹಾಯವಾಣಿ ಅದು.

ನನಗೆ ಈ ಸೇವೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದು. ಅಮ್ಮನವರು ಬಂದ ದಿನವೇ ಅವರಿಗೆ ಒಬ್ಬ ವಕೀಲೆಯನ್ನು ಪುಕ್ಕಟೆ ಕೊಟ್ಟರು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಹಾಗಿದೆ. ನನಗೆ ಸಿಗಲಿಲ್ಲ, ನನ್ನ ಆದಾಯ ಮಿತಿಗಿಂತ ಮೇಲಿತ್ತು. ಮೊದಲು ಒಂದು ಥರ ಅನ್ನಿಸಿತು, ಅರ್ಜಿ ಕೊಟ್ಟವನು ನಾನು, ವಕೀಲರು ಅವರಿಗೆ! ಆದರೆ ಆ ವಕೀಲೆ ಪಕ್ಕದಲ್ಲಿ ಕೂತ ಮೇಲೆ ಅಮ್ಮನವರ ಮುಖದಲ್ಲಿದ್ದ ಭಯ ಹೋಯಿತು. ಕೋರ್ಟ್ ಅಂದರೆ ಜಮೀನು ಕಿತ್ತುಕೊಳ್ಳುತ್ತಾರೆ ಅಂತ ಅವರು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲವಂತೆ. ಭಯ ಹೋದ ಮೇಲೆ ಅವರು ಆಡಿದ ಮೊದಲ ಮಾತು ನನಗೆ. "ನಿಮ್ಮಪ್ಪ ಇದ್ದಾಗ ವರ್ಷಕ್ಕೊಂದ್ಸಲ ನಮ್ಮನೆ ಬಾಗ್ಲು ತುಳಿಯೋನು ಕಣಪ್ಪ. ನೀನು ನೋಟೀಸು ಕಳಿಸ್ದೆ." ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಲಿಗೆ ನಮಸ್ಕಾರ ಮಾಡಿದೆ.

ಆಮೇಲೆ ಲೆಕ್ಕ. ಇದನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಪರಿಹಾರ ಎಷ್ಟು ಅಂತ ಹೇಗೆ ಕೂಡಿಸಬೇಕು ಅನ್ನುವುದೇ ಯಾರಿಗೂ ತಿಳಿಯುವುದಿಲ್ಲ, ಅಲ್ಲೇ ಎಲ್ಲ ರಾಜಿಯೂ ಮುರಿದು ಬೀಳುವುದು.

ಮಗ ಮೊದಲು 8 ಲಕ್ಷ ಅಂದರು. ನಾನು 1 ಲಕ್ಷ ಅಂದೆ. ಎರಡಕ್ಕೂ ಬುಡ ಇರಲಿಲ್ಲ. ಸಂಧಾನಕ್ಕೆ ಕೂತ ಹಿರಿಯ ವಕೀಲರು "ಮೊದಲು ಅಳತೆ ಮಾಡಿಸ್ಕೊಂಡು ಬನ್ನಿ, ಆಮೇಲೆ ದುಡ್ಡಿನ ಮಾತು" ಅಂತ ಕಳಿಸಿದರು. ಪರವಾನಗಿ ಇರುವ ಸರ್ವೇಯರ್ ಬಂದು ಚೈನ್ ಲೆಕ್ಕದಲ್ಲೇ ಹೇಳಿದರು. 33 ಅಡಿಗೆ ಒಂದು ಚೈನು, ಅದರಲ್ಲಿ 16 ಆಣೆ. ಒಂದು ಚೈನು ಉದ್ದ ಒಂದು ಚೈನು ಅಗಲ ಇದ್ದರೆ ಒಂದು ಗುಂಟೆ, ಗುಂಟೆಗೂ 16 ಆಣೆ. ನಮ್ಮ ದಾರಿ ಉದ್ದ 10 ಚೈನು, ಅಗಲ 5 ಆಣೆ, ಅಂದರೆ ಹತ್ತು ಅಡಿ ಮೇಲೆ ಸ್ವಲ್ಪ. ಒಟ್ಟು 3 ಗುಂಟೆ 2 ಆಣೆ. ಟ್ರ್ಯಾಕ್ಟರ್ ಟ್ರೈಲರ್ ಸಮೇತ ಹೋಗಲು ಅಷ್ಟು ಬೇಕು. ಹಳೇ ದಾರಿ ಅವರ ಜಮೀನಿನ ನಡುವೆ ಓರೆಯಾಗಿ ಹೋಗುತ್ತಿತ್ತು. ಅದನ್ನು ಬಿಟ್ಟು ಉತ್ತರದ ಬದುವಿಗೆ ಅಂಟಿಕೊಂಡು ಹೋದರೆ ಅವರ ಡ್ರಿಪ್‌ಗೆ ತೊಂದರೆ ಇಲ್ಲ, ಅಡ್ಡ ಬರುವುದು ನಾಲ್ಕು ತೆಂಗಿನ ಮರ ಮಾತ್ರ. ದಾರಿ ಎಲ್ಲಿ ಹೋಗಬೇಕು ಅನ್ನುವುದರಲ್ಲಿ ಜಮೀನಿನವರಿಗೆ ಆದಷ್ಟು ಕಡಿಮೆ ತೊಂದರೆ ಆಗಬೇಕು ಅನ್ನುವುದು ಕಾಯ್ದೆಯಲ್ಲೂ ಇದೆ, 22ನೇ ಕಲಂ. ನಮಗೆ ನಾಲ್ಕು ಮಾರು ಸುತ್ತಾಯಿತು, ಅಷ್ಟೇ.

ನಮ್ಮ ಕಡೆ ಆಗ ಎಕರೆಗೆ 32 ಲಕ್ಷ ನಡೆಯುತ್ತಿತ್ತು, ಗುಂಟೆಗೆ 80,000. ಮೂರು ಗುಂಟೆ ಎರಡಾಣೆಗೆ ಎರಡೂವರೆ ಲಕ್ಷ. ನಾನಿಲ್ಲಿ ಒಂದು ವಾದ ಮಾಡಿದೆ. ಜಮೀನು ಕ್ರಯಕ್ಕೆ ಕೊಡುತ್ತಿಲ್ಲ, ಪಹಣಿಯಲ್ಲಿ ಅವರ ಹೆಸರೇ ಇರುತ್ತದೆ, ಬರೀ ಓಡಾಡುವ ಹಕ್ಕು, ಹಾಗಿದ್ದ ಮೇಲೆ ಪೂರ್ತಿ ಬೆಲೆ ಯಾಕೆ? ಹಿರಿಯ ವಕೀಲರು ನನ್ನನ್ನೇ ಕೇಳಿದರು, "ಆ ಜಾಗದಲ್ಲಿ ಅವರು ನಾಳೆ ಏನು ಬೆಳೀತಾರೆ ಹೇಳಿ?" ಏನೂ ಇಲ್ಲ. ಧೂಳು ಅವರಿಗೆ, ಶಬ್ದ ಅವರಿಗೆ, ನಮ್ಮ ಕೂಲಿಯವರು ಓಡಾಡುವಾಗ ಕಾಯಿ ಎಣಿಸಿಕೊಳ್ಳಬೇಕಾದ ಆತಂಕವೂ ಅವರಿಗೆ, ಅದೂ ಶಾಶ್ವತವಾಗಿ. ದಾರಿ ಹಕ್ಕು ಬರೆದುಕೊಟ್ಟರೆ ನಮ್ಮ ತೋಟ ಯಾರ ಕೈಗೆ ಹೋದರೂ ಅದರ ಜೊತೆಗೇ ಹೋಗುತ್ತದೆ. ನಾನು ಮಾರಿದರೆ ಕೊಂಡವನಿಗೂ ದಾರಿ ಬಿಡಬೇಕು, ಅವನು ಎಂಥವನೋ ಏನೋ. ಇನ್ನೊಂದು ಕಡೆ, ದಾರಿ ಬಂದ ತಕ್ಷಣ ನನ್ನ 2 ಎಕರೆ 10 ಗುಂಟೆಗೆ ಬೆಲೆ ಏರಿತು. ಯೋಚನೆ ಮಾಡಿ ಪೂರ್ತಿ ಬೆಲೆ ಕೊಡಲು ಒಪ್ಪಿದೆ. ಇವತ್ತಿಗೂ ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಅರ್ಧ ಬೆಲೆಗೆ ಬಗೆಹರಿಸಿಕೊಂಡವರೂ ಇದ್ದಾರೆ, ಅದು ಅವರವರ ಮಾತುಕತೆ.

ಮರದ ಲೆಕ್ಕ ಬೇರೆ. ಅಮ್ಮನವರು ಬೆರಳು ಮಡಚಿ ಹೇಳಿದರು, ಒಂದೊಂದು ಮರ ವರ್ಷಕ್ಕೆ ಎಂಬತ್ತು ತೊಂಬತ್ತು ಕಾಯಿ, ಇನ್ನೂ ನಲವತ್ತು ವರ್ಷ ಬಿಡುವ ಮರ, ಅವರ ಯಜಮಾನರು ಸಸಿ ಇಟ್ಟು ನೀರು ಹೊತ್ತು ಬೆಳೆಸಿದ್ದು. ಮರಕ್ಕೆ 25,000 ಕೇಳಿದರು. 18,000ಕ್ಕೆ ಒಪ್ಪಿದರು, ನಾಲ್ಕಕ್ಕೆ 72,000. ಒಟ್ಟು 3,22,000 ರೂಪಾಯಿ. ಬೇಲಿ ಹಿಂದಕ್ಕೆ ಸರಿಸುವ ಖರ್ಚು, ಅಳತೆ ಖರ್ಚು, ನೋಂದಣಿ ಖರ್ಚು ಎಲ್ಲ ನನ್ನದೇ.

ದುಡ್ಡಿನ ವಿಷಯ ಮುಗಿದ ಮೇಲೆ ಷರತ್ತುಗಳನ್ನು ಬರೆಯಲು ಮತ್ತೊಂದು ದಿನ ಕೂತೆವು. ದಯವಿಟ್ಟು ಇದನ್ನು ಯಾರೂ ಅವಸರದಲ್ಲಿ ಮುಗಿಸಬೇಡಿ. ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರಿರುವುದಿಲ್ಲ, 28ನೇ ಕಲಂ. ಕಾಲುದಾರಿ ಅಂತ ಬರೆಸಿಕೊಂಡರೆ ಗಾಡಿ ಹೊಡೆಯುವ ಹಾಗಿಲ್ಲ. ಅದಕ್ಕೆ ನಮ್ಮ ಪತ್ರದಲ್ಲಿ ಕಾಲ್ನಡಿಗೆ, ದನಕರು, ಎತ್ತಿನಗಾಡಿ, ಟ್ರ್ಯಾಕ್ಟರ್, ಸಣ್ಣ ಲಾರಿ ಅಂತ ಒಂದೊಂದಾಗಿ ಬರೆಸಿದೆವು. ಬೋರ್‌ವೆಲ್ ಲಾರಿ ತರಬೇಕಾದರೆ ಮುಂಚೆ ಹೇಳಬೇಕು, ದಾರಿ ಕಿತ್ತುಹೋದರೆ ನಾನೇ ಸರಿ ಮಾಡಿಸಬೇಕು. ಹಾಗೆ ನೋಡಿದರೆ ದಾರಿ ದುರಸ್ತಿ ಜಮೀನಿನ ಒಡೆಯರ ಜವಾಬ್ದಾರಿ ಅಲ್ಲವೇ ಅಲ್ಲ, ಬಳಸುವವರದ್ದೇ. ಅಮ್ಮನವರ ಮಗ ದಾರಿ ಅಡಿಯಲ್ಲಿ ಮೂರು ಕಡೆ ಪೈಪ್ ಹೂಳಿಸಿಕೊಡಬೇಕು ಅಂದರು, ಆಚೆ ಈಚೆ ಡ್ರಿಪ್ ನೀರು ದಾಟಿಸಲು. ನ್ಯಾಯವಾದ ಮಾತು. ಗೇಟಿಗೆ ಎರಡು ಕೀಲಿಕೈ, ಎರಡೂ ಮನೆಯಲ್ಲಿ ಒಂದೊಂದು. ನಮ್ಮ ತೋಟ ಸೈಟ್ ಮಾಡಿ ಮಾರಿದರೆ ಈ ದಾರಿ ಲೇಔಟ್‌ಗೆ ಆಗುವುದಿಲ್ಲ ಅನ್ನುವುದನ್ನು ಅವರ ವಕೀಲೆ ಸೇರಿಸಿದರು. ಅದಕ್ಕೂ ಸಹಿ ಹಾಕಿದೆ.

ಸೆಪ್ಟೆಂಬರ್‌ನಲ್ಲಿ ಲೋಕ ಅದಾಲತ್‌ಗೆ ಹಾಕಿ ರಾಜಿ ಆದೇಶ ಆಯಿತು. ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಅಂದರೆ ನಾಳೆ ನನ್ನ ಮನಸ್ಸು ಬದಲಾದರೂ ಅಷ್ಟೇ, ಅವರ ಮಗನ ಮನಸ್ಸು ಬದಲಾದರೂ ಅಷ್ಟೇ. ಅಷ್ಟಕ್ಕೇ ಬಿಡದೆ ನೂರಕ್ಕೆ ನೂರು ಭದ್ರ ಇರಲಿ ಅಂತ ದಾರಿ ಹಕ್ಕಿನ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕ್ಷೆ ಸಮೇತ ನೋಂದಣಿ ಮಾಡಿಸಿದೆವು. 1908ರ ನೋಂದಣಿ ಕಾಯ್ದೆಯಲ್ಲಿ ದಾರಿ ಹಕ್ಕೂ ಸ್ಥಿರಾಸ್ತಿಯೇ, ನೂರು ರೂಪಾಯಿ ಮೇಲಿನ ಬೆಲೆಯದ್ದನ್ನು ನೋಂದಣಿ ಮಾಡಿಸಲೇಬೇಕು. ಸ್ಟಾಂಪ್ ಪೇಪರ್ ಮೇಲೆ ಬರೆಸಿ ನೋಟರಿ ಸೀಲ್ ಹೊಡೆಸಿ ಬೀರುವಿನಲ್ಲಿ ಇಟ್ಟುಕೊಂಡವರನ್ನು ನಾನು ನೋಡಿದ್ದೇನೆ, ಲಕ್ಷಗಟ್ಟಲೆ ಕೊಟ್ಟಿರುತ್ತಾರೆ ಪಾಪ, ಜಮೀನು ಬೇರೆಯವರ ಕೈಗೆ ಹೋದಾಗ ಹೊಸಬರು ಆ ಕಾಗದ ನೋಡುವುದೂ ಇಲ್ಲ. ನೋಂದಣಿ ಆದರೆ ಅವರ ಜಮೀನಿನ ಇ.ಸಿ. (ಋಣಭಾರ ಪತ್ರ) ತೆಗೆದವರಿಗೆಲ್ಲ ಇಲ್ಲೊಂದು ದಾರಿ ಇದೆ ಅಂತ ಕಾಣುತ್ತದೆ. ನೋಂದಣಿ ದಿನವೇ ಡಿಡಿ ಕೊಟ್ಟೆ, ಅಮ್ಮನವರ ಹೆಸರಿಗೇ, ಮಗನ ಹೆಸರಿಗಲ್ಲ. ಅದನ್ನು ಹೇಳಿಕೊಟ್ಟಿದ್ದೂ ಆ ವಕೀಲೆಯೇ.

ಕಡಿಮೆ ಕೊಟ್ಟ ಆ ಒಂದು ಸ್ಟಾರ್ ವಿಷಯ. ದಿನಾಂಕಗಳು ಮುಂದೆ ಮುಂದೆ ಹೋಗುತ್ತವೆ. ಬೆಳಗ್ಗೆ ಹತ್ತೂವರೆಗೆ ಬನ್ನಿ ಅಂತಾರೆ, ನಮ್ಮ ಸರದಿ ಬರುವುದು ಮಧ್ಯಾಹ್ನ ಊಟ ಆದ ಮೇಲೆ. ಎಪ್ಪತ್ತು ದಾಟಿದ ಹೆಂಗಸು ಕಾರಿಡಾರಿನ ಕಲ್ಲು ಬೆಂಚಿನ ಮೇಲೆ ನಾಲ್ಕು ಗಂಟೆ ಕೂತಿದ್ದನ್ನು ನೋಡಿ ಸಂಕಟ ಆಯಿತು. ಎರಡು ಸಲ ಹೋಗಿ ಬರಿಗೈಲಿ ಬಂದೆವು, ಒಂದು ಸಲ ಸಂಧಾನಕಾರರು ಬಂದಿರಲಿಲ್ಲ, ಇನ್ನೊಂದು ಸಲ ನಮ್ಮ ಫೈಲೇ ಸಿಗಲಿಲ್ಲ. ಹಿಂದಿನ ದಿನ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಅಲ್ಲಿರುವವರು ಒಳ್ಳೆಯವರು, ಆದರೆ ಇಬ್ಬರು ಮೂವರು ಸೇರಿ ಇಡೀ ತಾಲ್ಲೂಕಿನದು ನೋಡಬೇಕು. ಇನ್ನಷ್ಟು ಜನರನ್ನು ಹಾಕಬೇಕು, ಕೂರಲು ಒಂದು ಫ್ಯಾನ್ ಇರುವ ಕೋಣೆ ಕೊಡಬೇಕು.

ಯಾರಿಗೆ ಈ ಸೇವೆ ಸರಿಹೋಗುವುದಿಲ್ಲ ಅಂತಲೂ ಹೇಳಬೇಕು. ನಿಮಗೆ ನಿಜವಾಗಿಯೂ 20 ವರ್ಷದ ಹಕ್ಕಿದ್ದು, ದಾರಿ ಮುಚ್ಚಿದ್ದರೆ ರಾಜಿ ರಾಜಿ ಅಂತ ಕೂತು ಕಾಲ ಕಳೆಯಬೇಡಿ. ಆ 20 ವರ್ಷದ ಬಳಕೆ ಕೇಸು ಹಾಕುವ ಮುಂಚಿನ ಎರಡು ವರ್ಷದೊಳಗೆ ಮುಗಿದಿರಬೇಕು, ತಡವಾದರೆ ಹಕ್ಕೇ ಕೈತಪ್ಪುತ್ತದೆ. ದಾರಿ ವಿಷಯಕ್ಕೆ ಹೊಡೆದಾಟ ಆಗುವ ಹಾಗಿದ್ದರೆ ತಹಶೀಲ್ದಾರರ ಹತ್ತಿರ ಹೋಗಿ, ಮೊದಲು ಸಿಆರ್‌ಪಿಸಿ 147 ಅಂತಿದ್ದದ್ದು ಈಗ ಅದರ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 166ನೇ ಕಲಂ. ಮತ್ತೆ ಎದುರಿನವರು ನೋಟಿಸ್‌ಗೆ ಬರುವುದೇ ಇಲ್ಲ ಅಂದರೆ ಸಮಿತಿಯವರೂ ಏನೂ ಮಾಡಲಾಗುವುದಿಲ್ಲ.

ಈ ಯುಗಾದಿಗೆ ಬೇವು ಬೆಲ್ಲ ತಗೊಂಡು, ಐವತ್ತು ಕಾಯಿ ಚೀಲಕ್ಕೆ ಹಾಕಿಕೊಂಡು ಅಮ್ಮನವರ ಮನೆಗೆ ಹೋಗಿದ್ದೆ. "ಈಗ್ಯಾಕಪ್ಪಾ ಕೇಳೋಕ್ ಬಂದೆ, ರಿಜಿಸ್ಟ್ರಾಗದೆಯಲ್ಲ" ಅಂದರು. ಕೇಳೋಕಲ್ಲಮ್ಮ, ಹಬ್ಬಕ್ಕೆ ಬಂದೆ ಅಂದೆ. ಒಳಗೆ ಕರೆದು ಒಬ್ಬಟ್ಟು ಹಾಕಿದರು.